ಒಂಬತ್ತನೆಯ ಅಧ್ಯಾಯದ ಹಸಿರು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಮಿದುಳಿನ ವಿಷಯ ಬರೆಯಲು ನಾನು ವಿಜ್ಞಾನಿಯಲ್ಲ. ಹಗಲು ಕೆಲಸ ಮಾಡಿ, ಸಂಜೆ ಕಾಲೇಜಿನ ಬೆಂಚಿನ ಮೇಲೆ ಆಕಳಿಸುತ್ತ ಪದವಿ ಮುಗಿಸಿದವಳು. ಕಾದಂಬರಿಯ ವಿಷಯ ಬರೆಯಲು ಹೆಸರಾದ ಲೇಖಕಿಯೂ ಅಲ್ಲ. ಒಂದೇ ಒಂದು ಕಾದಂಬರಿ ಬರೆದಿದ್ದೇನೆ, ಅದನ್ನೂ ಹೆಚ್ಚು ಜನ ಓದಿಲ್ಲ. ಇನ್ನು ಈ ಕಥೆಯಲ್ಲಿ ಮುಖ್ಯವಾಗಿ ಬರುವವರು ನನ್ನ ತಂದೆ. ಅವರು ಈಗಿಲ್ಲ. ಎದುರು ನಿಂತು ಉತ್ತರ ಕೊಡಲಾರದವರ ಬಗ್ಗೆ ಬರೆಯುವುದು ಸರಿಯಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಊರಿನ ಹೆಸರನ್ನೂ ಗಿರಣಿಯ ಹೆಸರನ್ನೂ ಹೇಳುವುದಿಲ್ಲ. ಗಿರಣಿಯ ಹಳಬರು ಯಾರಾದರೂ ಗುರುತು ಹಿಡಿದರೆ, ದಯವಿಟ್ಟು ಕೊನೆಯವರೆಗೆ ಓದಿ, ಆಮೇಲೆ ಬೈಯಿರಿ.

'ಒರೆ' ಎಂಬ ಯಂತ್ರ ಬಂದ ಕಾಲ ಅನೇಕರಿಗೆ ನೆನಪಿರಬಹುದು. ಕಾದಂಬರಿಗಳನ್ನು ಯಂತ್ರಗಳೇ ಬರೆಯಲು ಶುರುಮಾಡಿ, ಓದುಗರಿಗೆ ಯಾವ ಪುಸ್ತಕ ಮುಟ್ಟಿದರೂ ಇದು ಯಾರಾದರೂ ಬಾಳಿ ಬರೆದದ್ದೋ ಅಲ್ಲವೋ ಎಂಬ ಸಂಶಯ ಹತ್ತಿದ್ದ ಕಾಲ ಅದು. ಆಗ ಧಾರವಾಡದ ಪ್ರಯೋಗಾಲಯವೊಂದು ಒಂದು ಟೊಪ್ಪಿಗೆಯನ್ನು ತಯಾರಿಸಿತು. ಲೇಖಕ ಅದನ್ನು ತಲೆಗೆ ಹಾಕಿಕೊಂಡು ತನ್ನ ಹಸ್ತಪ್ರತಿಯನ್ನು ತಾನೇ ಗಟ್ಟಿಯಾಗಿ ಓದಬೇಕು. ನಡೆದದ್ದನ್ನು ನೆನೆಯುವಾಗ ಮನಸ್ಸಿನಲ್ಲಿ ಚಿತ್ರ ಮೊದಲು ಮೂಡಿ, ಮಾತು ಅದರ ಹಿಂದೆ ಬರುತ್ತದೆಯಂತೆ. ಕಟ್ಟಿ ಹೇಳುವಾಗ ಮಾತು ಮುಂದೆ, ಚಿತ್ರ ಹಿಂದೆ. ಈ ಹಿಂದುಮುಂದಿನ ಅಂತರ ಕಣ್ಣು ಮಿಟುಕಿಸುವುದಕ್ಕಿಂತ ಚಿಕ್ಕದು. ಆದರೆ ಟೊಪ್ಪಿಗೆ ಅದನ್ನು ಹಿಡಿಯುತ್ತಿತ್ತು. ಓದಿ ಮುಗಿಸಿದ ಮೇಲೆ ಹಸ್ತಪ್ರತಿ ಬಣ್ಣ ಹಚ್ಚಿಕೊಂಡು ಹೊರಬರುತ್ತಿತ್ತು. ನೆನಪಿನ ಸಾಲು ಹಸಿರು, ಕಲ್ಪನೆಯ ಸಾಲು ಹಳದಿ.

ಅದರಿಂದ ಆದ ಅವಾಂತರಗಳು ಒಂದೆರಡಲ್ಲ. ಪ್ರಕಾಶಕರು ಮುಖಪುಟದ ಮೇಲೆ ಹಸಿರು ಮುದ್ರೆ ಹಾಕತೊಡಗಿದರು. ಹಳದಿ ಬಂದ ಪುಟಗಳನ್ನು ತೆಗೆದುಹಾಕುವುದಕ್ಕೇ ತಿದ್ದುವುದು ಎಂಬ ಹೆಸರು ಬಂತು. ಬಾಗಲಕೋಟೆಯ ಲೇಖಕರೊಬ್ಬರು ಒಂದು ಅಧ್ಯಾಯ ಹಸಿರಾಗಲೆಂದು ಬಸ್ ಕಂಡಕ್ಟರ್ ಕೆಲಸಕ್ಕೆ ಸೇರಿ, ಆ ಕೆಲಸವೇ ಚೆನ್ನಾಗಿದೆಯೆಂದು ಬರೆಯುವುದನ್ನು ಬಿಟ್ಟರು. ನಮ್ಮ ಓಣಿಯ ಕವಯಿತ್ರಿಯೊಬ್ಬರ ಕಥೆಯಲ್ಲಿ ಪ್ರೇಮದ ಪುಟ ಹಸಿರು ಬಂದು, ಆಕೆಯ ಗಂಡ ಊಟ ಬಿಟ್ಟು ಕೂತರು. ಅದು ನಿಮ್ಮದೇ ನೆನಪು ಎಂದು ಆಕೆ ಎಷ್ಟು ಹೇಳಿದರೂ ಅವರು ನಂಬಲಿಲ್ಲ. ಅಂಥ ಮಾತು ತಾನು ಜನ್ಮದಲ್ಲಿ ಆಡಿಲ್ಲ ಎಂಬುದು ಅವರ ವಾದ.

ಇದನ್ನೆಲ್ಲ ಕೇಳಿ ನಗುತ್ತಿದ್ದೆ. ನನ್ನ ಸರದಿ ಬರುವವರೆಗೆ.

ನಾನು ವಿದ್ಯುತ್ ಇಲಾಖೆಯ ಮೀಟರ್ ಪರೀಕ್ಷಾ ಕೋಣೆಯಲ್ಲಿ ಸಹಾಯಕಿ. ಆಗ ಮನೆಯಲ್ಲಿ ನಾನು ಮತ್ತು ಅಪ್ಪ ಇಬ್ಬರೇ. ಅವ್ವ ತೀರಿಕೊಂಡ ಮೇಲೆ ಅಡಿಗೆ ನನ್ನದು, ಕಾಯಿಪಲ್ಲೆ ತರುವುದು ಅವರದು. ಅಪ್ಪ, ರುದ್ರಪ್ಪ ಕಮ್ಮಾರ, ನಮ್ಮೂರಿನ ಹತ್ತಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವರು. ನಾನು ಚಿಕ್ಕವಳಿದ್ದಾಗ ಗಿರಣಿಗೆ ಬೀಗ ಬಿತ್ತು. ಯಂತ್ರಗಳನ್ನು ಬಿಚ್ಚಿ ಬೇರೆ ಊರಿಗೆ ಸಾಗಿಸಬಾರದೆಂದು ಕಾರ್ಮಿಕರು ಎರಡೂ ಗೇಟಿಗೆ ಕಾವಲು ಕೂತರು. ಮುಂದಿನ ಗೇಟಿಗೆ ಪೊಲೀಸರು ಬಂದ ದಿನ ಅಪ್ಪ ನನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡು, ಕೈಯಲ್ಲಿ ಕೆಂಪು ಬಾವುಟ ಹಿಡಿದು, ದಾರಿಗೆ ಅಡ್ಡ ನಿಂತರು. ಪೊಲೀಸರು ಹಿಂದೆ ಸರಿದರು. ಊರಿನಲ್ಲಿ ಇಂದಿಗೂ ಇದನ್ನು ಹೇಳುತ್ತಾರೆ. ಮೇ ಒಂದರಂದು ಸಂಘದ ಹಳಬರು ಮನೆಗೆ ಬಂದು ಅಪ್ಪನಿಗೆ ಹಾರ ಹಾಕಿ, ಚಹಾ ಕುಡಿದು, ಆ ಕಥೆಯನ್ನು ಮತ್ತೊಮ್ಮೆ ಹೇಳಿ ಹೋಗುತ್ತಿದ್ದರು.

ಆದರೆ ಗಿರಣಿ ಉಳಿಯಲಿಲ್ಲ. ನಾಗರ ಪಂಚಮಿಯ ಮಧ್ಯಾಹ್ನ, ಹೆಂಗಸರು ಜೋಕಾಲಿ ಆಡುತ್ತಿದ್ದಾಗ, ಕಾವಲಿನವರು ಉಂಡೆ ತಿನ್ನಲು ಮನೆಗೆ ಹೋಗಿದ್ದಾಗ, ಒಳಗಿನವರು ಯಾರೋ ಹಿಂದಿನ ಗೇಟು ತೆಗೆದುಕೊಟ್ಟರು. ಲಾರಿಗಳು ಬಂದು ಯಂತ್ರಗಳನ್ನು ಹೊತ್ತುಕೊಂಡು ಹೋದವು. ಸಂಶಯ ಫಕೀರಪ್ಪನೆಂಬ ಕಾವಲುಗಾರನ ಮೇಲೆ ಬಿತ್ತು. ಅವನ ಮನೆಯ ಮುಂದೆ ಜನ ಉಗುಳತೊಡಗಿದ ಮೇಲೆ ಅವನು ಹೆಂಡತಿ ಮಕ್ಕಳೊಂದಿಗೆ ಊರು ಬಿಟ್ಟ.

ನನ್ನ ಕಾದಂಬರಿ ಈ ಗಿರಣಿಯ ಕುರಿತೇ ಇತ್ತು. ಮೊದಲ ಕರಡು ಮುಗಿಸಿದಾಗ ಮೈ ಹಗುರಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಓದಿದ ಕಡೆಯೆಲ್ಲ ತಪ್ಪೇ ಕಾಣಿಸುತ್ತಿತ್ತು. ಎಲ್ಲಕ್ಕಿಂತ ಹೆಚ್ಚು ತಿದ್ದಿದ್ದು ಒಂಬತ್ತನೆಯ ಅಧ್ಯಾಯ. ಅದರಲ್ಲಿ ನಿಂಗಪ್ಪ ಎಂಬ ಫಿಟ್ಟರ್ ಪಂಚಮಿಯ ದಿನ ಹಿಂದಿನ ಗೇಟು ತೆಗೆಯುತ್ತಾನೆ. ಯಂತ್ರಗಳ ಬುಡದ ಬೋಲ್ಟುಗಳನ್ನು ಬಿಚ್ಚಿಕೊಡುತ್ತಾನೆ. ಮ್ಯಾನೇಜರನ ಬೆದರಿಕೆಗೆ ಅಂಜಿ ಹಾಗೆ ಮಾಡಿ, ಮನೆಗೆ ಬಂದು, ಹಿತ್ತಲಲ್ಲಿ ಕೂತು ಅಳುತ್ತಾನೆ. ನಿಂಗಪ್ಪನನ್ನು ನಾನೇ ಹುಟ್ಟಿಸಿದ್ದು. ಫಿಟ್ಟರ್ ಕೆಲಸದ ಬಗ್ಗೆ ಅಷ್ಟಿಷ್ಟು ಗೊತ್ತಿತ್ತೆಂದು ಅವನನ್ನು ಫಿಟ್ಟರ್ ಮಾಡಿದ್ದೆ. ಬೇರೆ ಉದ್ದೇಶ ಇರಲಿಲ್ಲ. ಇರಲಿಲ್ಲ ಎಂದೇ ಆಗ ತಿಳಿದಿದ್ದೆ.

ಕರಡನ್ನು ಧಾರವಾಡದ ಪ್ರಕಾಶಕ ಕುಂದರಗಿ ಅವರಿಗೆ ಕಳಿಸಿದೆ. ಅವರು ಫೋನ್ ಮಾಡಿ, "ಛಲೋ ಬರದೀರಿ ಇಂದುಮತಿ ಅವ್ರ. ಆದ್ರ ಒರೆ ಆಗದ ನಾವು ಮುಟ್ಟಂಗಿಲ್ರಿ. ಈಗಿನ ಓದುಗರು ಮೊದಲು ಮುದ್ರಿ ನೋಡ್ತಾರ, ಆಮ್ಯಾಲ ಹೆಸರು ನೋಡ್ತಾರ" ಎಂದರು.

ಪ್ರಯೋಗಾಲಯದಲ್ಲಿ ಒರೆ ನಡೆಸುತ್ತಿದ್ದವರು ವೃಂದಾ ಜಮಖಂಡಿ. ನನಗಿಂತ ಚಿಕ್ಕವರು. ಟೊಪ್ಪಿಗೆಯನ್ನು ನನ್ನ ತಲೆಗೆ ಕೂಡಿಸಿ, ಹೆರಳು ಅಡ್ಡ ಬರುತ್ತದೆಂದು ಬಿಚ್ಚಿಸಿದರು.

"ಮೊದಲ ಒಂದು ಗಟ್ಟಿ ನೆನಪು ಹೇಳ್ರಿ. ಸಣ್ಣಂದಿನದಾದ್ರ ಇನ್ನೂ ಛಲೋ. ಅದನ್ನ ಯಂತ್ರ ಅಳತಿಗೋಲು ಅಂತ ಇಟ್ಕೋತದ. ಆಮ್ಯಾಲ ಒಂದು ಪೂರಾ ಸುಳ್ಳು ಹೇಳ್ರಿ."

"ಸುಳ್ಳು ಅಂದ್ರ?"

"ಏನರೆ. ನೀವು ಆನಿ ಮ್ಯಾಲೆ ಕೂತು ಆಫೀಸಿಗೆ ಹೋದದ್ದು."

ಗಟ್ಟಿ ನೆನಪು ಎಂದ ಕೂಡಲೇ ನನಗೆ ಹೊಳೆದದ್ದು ಒಂದೇ. ಅಪ್ಪನ ಹೆಗಲು. ಕೆಳಗೆ ಜನರ ಟೋಪಿಗಳು, ರುಮಾಲುಗಳು, ಗಾಳಿಗೆ ಹಾರಿ ನನ್ನ ಮುಖಕ್ಕೆ ಬಡಿಯುವ ಕೆಂಪು ಬಾವುಟ, ಅದರ ಸೀಮೆಎಣ್ಣೆ ವಾಸನೆ. ವೃಂದಾ ಪರದೆ ನೋಡಿ, "ಭಾಳ ಛಲೋ ಬಂದದ. ಚಿತ್ರ ಮೊದಲು ಬಂತು, ಒಂಚೂರು ಸಂಶಯ ಇಲ್ಲ" ಎಂದರು. ಆಮೇಲೆ ಆನೆಯ ಮೇಲೆ ಆಫೀಸಿಗೆ ಹೋದೆ. ನಮ್ಮ ಅಕೌಂಟೆಂಟ್ ಆನೆಗೆ ನಿಲ್ಲುವ ಜಾಗದ ಚೀಟಿ ಕೇಳಿದರು ಎಂದು ಸೇರಿಸಿದೆ. ಇಬ್ಬರೂ ನಕ್ಕೆವು. ಆಮೇಲೆ ಓದಲು ಕೂತೆ.

ಬಣ್ಣದ ಪ್ರತಿ ಕುಂದರಗಿ ಅವರ ಕಚೇರಿಯಲ್ಲಿ ನನ್ನ ಕೈಗೆ ಸಿಕ್ಕಿತು. ಅಲ್ಲಲ್ಲಿ ಹಸಿರು, ಹೆಚ್ಚಿನಂಶ ಹಳದಿ. ಓಣಿಯ ನೀರಿನ ನಳ ಹಸಿರು, ಸರಿ. ಅವ್ವನ ಹೋಲಿಕೆಯ ಪಾತ್ರ ಹಸಿರು, ಅದೂ ಸರಿ. ಆದರೆ ಒಂಬತ್ತನೆಯ ಅಧ್ಯಾಯ ತೆರೆದಾಗ ಪುಟಕ್ಕೆ ಪುಟ ಹಸಿರು. ಗೇಟು ತೆಗೆಯುವುದು ಹಸಿರು, ಬೋಲ್ಟು ಬಿಚ್ಚುವುದು ಹಸಿರು, ಲಾರಿಯ ಹಿಂಬದಿಗೆ ಹಗ್ಗ ಬಿಗಿಯುವುದು ಹಸಿರು.

"ಇದು ತಪ್ಪು ರೀ ಸರ್. ಇದು ನಾ ಕಟ್ಟಿದ್ದು."

ಕುಂದರಗಿ ಚಷ್ಮಾ ತೆಗೆದು ನನ್ನನ್ನು ನೋಡಿದರು. "ಎಲ್ಲಾರೂ ಹಂಗ ಅಂತಾರ್ರಿ. ನನ್ನ ಮಾತು ಕೇಳ್ರಿ. ಈ ಅಧ್ಯಾಯ ಮೊದಲಿಗೆ ತಗೊಂಡು ಬರ್ರಿ. ಹಳದಿ ಇದ್ದದ್ದು ಅರ್ಧ ಕಡಿಮಿ ಮಾಡ್ರಿ. ಮುಖಪುಟದ ಮ್ಯಾಲೆ ಒಂದ ಸಾಲು ಹಾಕೂಣು: ಗೇಟು ತೆಗೆದವನನ್ನು ಕಂಡವಳ ಕಾದಂಬರಿ."

"ನಾ ಯಾರನ್ನೂ ಕಂಡಿಲ್ರಿ."

"ಕಂಡಿಲ್ಲ ಅಂತ ನೀವು ಹೇಳ್ತೀರಿ. ಯಂತ್ರ ಬ್ಯಾರೆ ಹೇಳ್ತದ. ನಿಮ್ಮ ತಂದೆಯವರೂ ಅಲ್ಲೇ ಇದ್ರಲ್ಲ?" ಎಂದು ನಿಧಾನವಾಗಿ ಚಷ್ಮಾ ಹಾಕಿಕೊಂಡರು.

ಆ ಪ್ರಶ್ನೆಯನ್ನು ಅವರು ಬೇಕೆಂದೇ ಕೇಳಿದರೋ ಸಹಜವಾಗಿ ಕೇಳಿದರೋ ನನಗೆ ತಿಳಿಯಲಿಲ್ಲ. ಊರಿಗೆ ಬರುವ ಬಸ್ಸಿನಲ್ಲಿ ಅದೇ ತಲೆಯಲ್ಲಿ ತಿರುಗುತ್ತಿತ್ತು. ಈ ಪುಸ್ತಕ ಹಸಿರು ಮುದ್ರೆಯೊಂದಿಗೆ ಬಂದರೆ ಊರಿನವರು ಮೊದಲು ಏನು ಕೇಳುತ್ತಾರೆ? ರುದ್ರಪ್ಪನ ಮಗಳು ಕಂಡ ಫಿಟ್ಟರ್ ಯಾರು? ಗಿರಣಿಯಲ್ಲಿದ್ದ ಫಿಟ್ಟರುಗಳು ಬೆರಳೆಣಿಕೆಯಷ್ಟು. ಉಳಿದವರು ಆಗಲೇ ತೀರಿಕೊಂಡಿದ್ದರು. ಹಾರ ತರುತ್ತಿದ್ದ ಕೈಗಳು ಮುಂದಿನ ಮೇ ಒಂದರಂದು ಏನು ತರುತ್ತವೆ?

ಅವತ್ತಿನಿಂದ ನಾನು ಅಪ್ಪನನ್ನು ನೋಡುವ ರೀತಿ ಕೆಟ್ಟಿತು. ಅವರು ಚಾಪೆಯ ಮೇಲೆ ಕೂತು ಅಡಕೆ ಕತ್ತರಿಸುತ್ತಿದ್ದರೆ ನಾನು ಅವರ ಕೈ ನೋಡುತ್ತಿದ್ದೆ. ಗಿರಣಿಯ ಬೀಗ, ಗೇಟು, ಲಾರಿ ಎಂಬ ಶಬ್ದಗಳನ್ನು ಮಾತಿನ ನಡುವೆ ಬೇಕೆಂದೇ ತಂದು ಅವರ ಮುಖ ನೋಡುತ್ತಿದ್ದೆ. ಒಮ್ಮೆ ರೊಟ್ಟಿ ಬಡಿಯುತ್ತ, "ಯಪ್ಪಾ, ಪಂಚಮಿ ದಿನ ಗೇಟಿಗೆ ಯಾರ ಪಾಳಿ ಇತ್ತು?" ಎಂದು ಕೇಳಿದೆ.

"ಯಾವ ಪಂಚಮಿ?"

"ಗಿರಣಿ ಹೋದ ಪಂಚಮಿ."

"ಅದನ್ನ ಯಾಕ ಕೇಳ್ತಿ ಈಗ? ರೊಟ್ಟಿ ಹೊತ್ತಾಕತ್ತೈತಿ ನೋಡು."

ರೊಟ್ಟಿ ನಿಜಕ್ಕೂ ಹೊತ್ತುತ್ತಿತ್ತು. ಆದರೂ ಅವರು ಮಾತು ತಪ್ಪಿಸಿದರೆಂದೇ ನನಗೆ ಅನ್ನಿಸಿತು. ಒಬ್ಬರ ಮೇಲೆ ಸಂಶಯ ಹುಟ್ಟಿದ ಮೇಲೆ ಹೊತ್ತಿದ ರೊಟ್ಟಿಯೂ ಸಾಕ್ಷಿಯಾಗುತ್ತದೆ. ಹೀಗೆ ಯೋಚಿಸುವುದಕ್ಕೆ ನಾಚಿಕೆಯಾಗುತ್ತಿತ್ತು. ನಾಚಿಕೆಪಡುತ್ತಲೇ ಮತ್ತೆ ಯೋಚಿಸುತ್ತಿದ್ದೆ.

ನಮ್ಮ ಪರೀಕ್ಷಾ ಕೋಣೆಯಲ್ಲಿ ಜನರ ಮನೆಯ ಮೀಟರನ್ನು ತಂದು, ನಮ್ಮ ಪ್ರಮಾಣ ಮೀಟರಿನ ಪಕ್ಕ ಇಟ್ಟು ಓಡಿಸುತ್ತೇವೆ. ಎರಡೂ ಒಂದೇ ವೇಗದಲ್ಲಿ ಓಡಿದರೆ ಮನೆಯ ಮೀಟರು ಸರಿ ಎಂದು ಬರೆಯುತ್ತೇವೆ. ಆ ವಾರ ಒಂದರ ಹಿಂದೆ ಒಂದು ಮೀಟರು ನಿಧಾನ ಓಡತೊಡಗಿತು. ಊರಿನ ಎಲ್ಲ ಮೀಟರೂ ಒಟ್ಟಿಗೆ ಕೆಡುವುದುಂಟೆ? ನಮ್ಮ ಸೆಕ್ಷನ್ ಆಫೀಸರು ಪ್ರಮಾಣ ಮೀಟರನ್ನೇ ಹುಬ್ಬಳ್ಳಿಗೆ ಕಳಿಸಿ ನೋಡಿಸಿದರು. ಕೆಟ್ಟಿದ್ದು ಅದೇ. ಇದು ನಮ್ಮಲ್ಲಿ ಆಗೀಗ ನಡೆಯುವ ಸಂಗತಿ. ಆದರೆ ಅವತ್ತು ಖಾಲಿ ಮೇಜನ್ನು ನೋಡುತ್ತ ಕೂತಾಗ ಒರೆಯ ಟೊಪ್ಪಿಗೆ ನೆನಪಾಯಿತು. ನನ್ನ ಪ್ರಮಾಣ ಯಾವುದು? ಅಪ್ಪನ ಹೆಗಲು. ಅದನ್ನು ಯಾವುದರ ಪಕ್ಕದಲ್ಲಿಟ್ಟು ನೋಡಿದ್ದೇನೆ?

ಭಾನುವಾರ ಅತ್ತೆಯ ಊರಿಗೆ ಹೋದೆ. ಗಂಗವ್ವ ಅತ್ತಿ ಅಪ್ಪನ ತಂಗಿ. ಹಲ್ಲು ಹೋಗಿವೆ, ನಾಲಗೆ ಹೋಗಿಲ್ಲ. ನನ್ನನ್ನು ಬಾಗಿಲಲ್ಲೇ ನೋಡಿ, "ಬಾರವಾ ಲೇಖಕೀ. ನಮ್ಮನ್ಯಾರನ್ನೂ ಕಾದಂಬರ್‍ಯಾಗ ಹಾಕಿಲ್ಲ ಅಲಾ? ಹಾಕಿದ್ರ ನನಗ ಎರಡು ಹಲ್ಲಾರ ಹೆಚ್ಚು ಬರಿ" ಎಂದಳು.

ಚಹಾ ಕುಡಿದ ಮೇಲೆ ಕೇಳಿದೆ. "ಅತ್ತಿ, ಗೇಟಿಗೆ ಪೊಲೀಸರು ಬಂದಾಗ ನೀನೂ ಅಲ್ಲಿದ್ದೇನು?"

"ನಾ ಎಲ್ಲಿ ಇರಲಿ? ನಾ ಇಲ್ಲೇ ಇದ್ದೆ, ನಿನ್ನ ಸ್ಯಾವಾ ಮಾಡಿಕೊಂಡು."

"ನನ್ನ ಸ್ಯಾವಾ?"

"ನಿನಗ ಮೈತುಂಬ ಅಮ್ಮ ಎದ್ದಿದ್ಲಲ್ಲ. ಅಲ್ಲಿ ಗದ್ದಲ ಐತಿ, ಕೂಸು ತಡಿಯಂಗಿಲ್ಲ ಅಂತ ನಿಮ್ಮವ್ವ ಇಲ್ಲಿಗೆ ತಂದು ಬಿಟ್ಲು. ಬೇವಿನ ತಪ್ಪಲ ಮ್ಯಾಲ ಮಲಗಿಸಿದ್ದೆ. ಪಂಚಮಿ ಹೊತ್ತಿಗೆ ಆರಾಮ ಆತು, ಆವಾಗ ಕರಕೊಂಡು ಹೋದ್ರು."

"ಮತ್ತ ಅಪ್ಪನ ಹೆಗಲ ಮ್ಯಾಲ?"

ಅತ್ತಿ ಬಾಯಿಗೆ ಸೆರಗು ಹಿಡಿದು ನಕ್ಕಳು. "ಹೆಗಲ ಮ್ಯಾಲ ಬಾವುಟ ಇತ್ತು, ಕೂಸು ಎಲ್ಲಿದು? ಅದನ್ನ ಸಂಘದ ಯಾವನೋ ಭಾಷಣದಾಗ ಸೇರಿಸಿದ. ಕೇಳಾಕ ಛಲೋ ಅನಸ್ತು. ನಿಮ್ಮಪ್ಪ ಒಮ್ಮಿ ಅಲ್ಲ ಅಂದ, ಎರಡ ಸಲ ಅಲ್ಲ ಅಂದ, ಆಮ್ಯಾಲ ಸುಮ್ಮನಾದ. ನೀನೂ ಅದನ್ನ ಹೇಳಿಕೋತ ತಿರುಗಾಡಿದಿ, ಯಾರು ಬ್ಯಾಡ ಅನಬೇಕು?"

ಬಾವುಟದ ಬಟ್ಟೆ ಮುಖಕ್ಕೆ ತಾಗಿದ್ದು ಆಗಲೂ ನನಗೆ ಸ್ಪಷ್ಟವಾಗಿ ನೆನಪಿತ್ತು. ಅತ್ತಿಯ ಮೇಲೂ ಸಂಶಯ ಬಂತು. ಅಣ್ಣನ ಬಗ್ಗೆ ಇವಳಿಗೆ ಏನಾದರೂ ಹೊಟ್ಟೆಕಿಚ್ಚೇ? ಅವಳು ಎದ್ದು ಬಂದು ನನ್ನ ಕಿವಿಯ ಹಿಂದಿನ ಸಣ್ಣ ಗುಳಿಯನ್ನು ಬೆರಳಿಂದ ಮುಟ್ಟಿ, "ಇದು ಅವತ್ತಿಂದ ಐತಿ. ಕೆರಕೋಬ್ಯಾಡ ಅಂದ್ರ ಕೇಳಲಿಲ್ಲ ನೀ" ಎಂದಳು.

ಮತ್ತೆ ಧಾರವಾಡಕ್ಕೆ ಹೋದೆ. ಎಲ್ಲ ಕೇಳಿ ವೃಂದಾ ನನ್ನ ಹಳೆಯ ದಾಖಲೆಯನ್ನು ಪರದೆಯ ಮೇಲೆ ತೆರೆದರು.

"ಹಂಗಾರ ಯಂತ್ರ ಕಲ್ತದ್ದ ತಪ್ಪಾತು. ಮ್ಯಾಲಿಂದ ಮ್ಯಾಲೆ ಕೇಳಿದ ಕಥಿಗೂ ಚಿತ್ರ ಮೊದಲು ಬರ್ತದ್ರಿ, ಅಂತರ ಮಾತ್ರ ಇನ್ನೂ ಸಣ್ಣದು. ನೀವು ಕೇಳಿದ್ದನ್ನ ಕಂಡದ್ದು ಅಂತ ಕೊಟ್ರಿ. ಅದು ಕೇಳಿದ್ದನ್ನೆಲ್ಲ ಹಸಿರು ಮಾಡ್ತು."

"ಅಂದ್ರ ಒಂಬತ್ತನೇ ಅಧ್ಯಾಯ ನಾ ಎಲ್ಲೋ ಕೇಳಿದ್ದೇನು?"

"ಇರಬಹುದು. ಸಣ್ಣಾಕಿ ಇದ್ದಾಗ ದೊಡ್ಡವರು ಮಾತಾಡಿದ್ದು ಕಿವಿಗೆ ಬಿದ್ದಿರಬಹುದು. ಇಲ್ಲಾ, ಆ ಅಧ್ಯಾಯ ನೀವು ಎಷ್ಟು ಸಲ ತಿದ್ದೀರಿ?"

"ಎಲ್ಲಕ್ಕಿಂತ ಹೆಚ್ಚು."

"ಹಂಗಾರ ಅದೂ ಆಗಬಹುದು. ತನ್ನ ಕರಡನ್ನ ತಾನ ನೂರು ಸಲ ಓದಿದ್ರ ಅದೂ ಕೇಳಿದ ಕಥಿನೇ ಆಗ್ತದ. ಯಾವುದು ಅಂತ ಹೇಳೂದು ಈ ಟೊಪಿಗಿಗೆ ಬರೂದಿಲ್ಲ." ಟೊಪ್ಪಿಗೆಯನ್ನು ಮತ್ತೆ ಕೈಗೆತ್ತಿಕೊಂಡು, "ಬ್ಯಾರೆ ನೆನಪು ಕೊಡ್ರಿ. ಯಾರೂ ನಿಮಗ ಹೇಳಿರಬಾರದು, ನೀವೂ ಯಾರಿಗೂ ಹೇಳಿರಬಾರದು" ಎಂದರು.

ಇದು ಎಷ್ಟು ಕಷ್ಟವೆಂದು ನೀವೂ ಒಮ್ಮೆ ಪ್ರಯತ್ನಿಸಿ ನೋಡಿ. ನನ್ನ ಬಾಲ್ಯವೆಂದು ನಾನು ಇಟ್ಟುಕೊಂಡಿದ್ದೆಲ್ಲ ಅವ್ವನೋ ಅತ್ತಿಯೋ ಹೇಳಿದ್ದೇ ಆಗಿತ್ತು. ಮೊದಲ ದಿನ ಶಾಲೆಯಲ್ಲಿ ಅತ್ತದ್ದು, ಬಾವಿಯಲ್ಲಿ ಕೊಡ ಬೀಳಿಸಿದ್ದು, ಒಂದೂ ನಂಬುವಂತಿರಲಿಲ್ಲ. ಕೊನೆಗೆ ಒಂದು ಸಿಕ್ಕಿತು. ಬೇಸಿಗೆಯಲ್ಲಿ ಮಂಚದ ಕೆಳಗೆ ಮಲಗಿ, ಅದರ ಕಬ್ಬಿಣದ ಕಾಲನ್ನು ನೆಕ್ಕಿದ್ದು. ತಂಪು, ಆಮೇಲೆ ನಾಲಗೆಯ ಮೇಲೆ ಉಳಿದ ಹುಳಿಹುಳಿ ತುಕ್ಕು. ಯಾರೂ ನೋಡಿರಲಿಲ್ಲ. ಹೇಳಿದರೆ ಬೈಯುತ್ತಾರೆಂದು ಯಾರಿಗೂ ಹೇಳಿರಲಿಲ್ಲ. ಹೆಗಲು, ಬಾವುಟಗಳ ಮುಂದೆ ಇದು ಎಷ್ಟು ಬಡ ನೆನಪು! ಆದರೆ ನನ್ನದು.

ಅದನ್ನು ಪ್ರಮಾಣ ಮಾಡಿಕೊಂಡು ಒಂಬತ್ತನೆಯ ಅಧ್ಯಾಯವನ್ನು ಮತ್ತೆ ಓದಿದೆ. ಬಣ್ಣ ಬರುವವರೆಗೆ ವೃಂದಾ ನನಗೆ ನೀರು ತಂದುಕೊಟ್ಟರು. ಗೇಟು ಹಳದಿ. ಬೋಲ್ಟು ಹಳದಿ. ಲಾರಿ, ಹಗ್ಗ, ಹಿತ್ತಲಿನ ಅಳು, ಎಲ್ಲ ಹಳದಿ. ನಾನು ಉಸಿರು ಬಿಟ್ಟೆ. ಕಣ್ಣಲ್ಲಿ ನೀರು ಬಂತೆಂದೇ ತೋರುತ್ತದೆ.

"ಒಂದು ಸಾಲು ಉಳದದ ನೋಡ್ರಿ" ಎಂದರು ವೃಂದಾ.

ಪುಟದ ನಡುವೆ ಒಂದೇ ಒಂದು ಸಾಲು ಅಚ್ಚ ಹಸಿರಾಗಿತ್ತು. 'ನಿಂಗಪ್ಪ ಕೈ ತೊಳೆಯದೆ ಮಗಳಿಗೆ ರವೆ ಉಂಡೆ ಕೊಟ್ಟ; ಉಂಡೆಯ ಮೇಲೆ ಅವನ ಹೆಬ್ಬೆರಳಿನ ಕರಿ ಗ್ರೀಸು ಅಂಟಿತ್ತು.'

ಆ ಸಾಲನ್ನು ನಾನು ಹಲವು ಸಲ ತಿದ್ದಿದವಳಲ್ಲ. ಕಡೆಯ ಸಲ ತಿದ್ದುವಾಗ, ಯಾಕೆಂದು ಯೋಚಿಸದೆ, ಅಂಚಿನಲ್ಲಿ ಒಂದೇ ಏಟಿಗೆ ಬರೆದು ಸೇರಿಸಿದ್ದೆ. ಕೇಳಿದ ಕಥೆಯಾಗಲು, ಓದಿ ಓದಿ ಚಿತ್ರವಾಗಲು, ಅದಕ್ಕೆ ಸಮಯವೇ ಇರಲಿಲ್ಲ.

"ನಿಮ್ಮ ಮನ್ಯಾಗ ಯಾರದರ ಕೈಗೆ ಗ್ರೀಸು ಇರತಿತ್ತೇನು?" ವೃಂದಾ ಕೇಳಿದರು.

"ನಮ್ಮಪ್ಪ ಫಿಟ್ಟರ್ ರಿ."

"ಅಷ್ಟ ಮತ್ತ. ಅದರಾಗ ಏನದ?" ಎಂದು ಅವರು ಟೊಪ್ಪಿಗೆಯ ತಂತಿ ಸುತ್ತತೊಡಗಿದರು.

ಅವರಿಗೆ ಏನೂ ಅನ್ನಿಸಲಿಲ್ಲ. ಅವರು ಗಿರಣಿ ಓಣಿಯವರಲ್ಲ. ಪಂಚಮಿಯ ಹೊತ್ತಿಗೆ ಗಿರಣಿ ನಿಂತು ಎರಡು ತಿಂಗಳಾಗಿತ್ತು. ಯಂತ್ರಗಳನ್ನು ಯಾರೂ ಮುಟ್ಟುತ್ತಿರಲಿಲ್ಲ. ಕಾವಲು ಕೂತ ಫಿಟ್ಟರನ ಕೈಗೆ ಹಬ್ಬದ ದಿನ ಹೊಸ ಗ್ರೀಸು ಎಲ್ಲಿಂದ ಬರಬೇಕು?

ಬಸ್ಸಿನಲ್ಲಿ ನನಗೆ ನಾನೇ ವಕೀಲಳಾದೆ. ಸೈಕಲ್ಲಿನ ಸರಪಳಿ ಕಳಚಿರಬಹುದು. ಜೋಕಾಲಿಯ ಕೊಂಡಿಗೆ ಎಣ್ಣೆ ಬಿಟ್ಟಿರಬಹುದು. ಅದು ಬೇರೆ ವರ್ಷದ ಪಂಚಮಿಯೇ ಇರಬಹುದು, ಮಕ್ಕಳಿಗೆ ವರ್ಷಗಳ ಲೆಕ್ಕವೆಲ್ಲಿ? ಪ್ರತಿ ಉತ್ತರವೂ ಸರಿಯಾಗಿತ್ತು. ಯಾವುದೂ ಸಾಲಲಿಲ್ಲ. ಇನ್ನೊಂದು ಕಡೆ ಫಕೀರಪ್ಪನ ಮನೆಯ ಮುಂದಿನ ಉಗುಳು ಕಣ್ಣ ಮುಂದೆ ಬಂತು. ಅದು ಕಂಡದ್ದೋ ಕೇಳಿದ್ದೋ, ಈಗ ಅದೂ ಗೊತ್ತಿಲ್ಲ.

ಮನೆಗೆ ಬಂದಾಗ ಅಪ್ಪ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದರು. ಬಿಸಿಲು ಇನ್ನೂ ಹೊಸ್ತಿಲ ಮೇಲಿತ್ತು.

"ಏನಂದ್ರು ನಿನ್ನ ಪುಸ್ತಕಕ್ಕ?"

"ತಿದ್ದಬೇಕಂತ."

"ಎಲ್ಲಿ ತಿದ್ದಬೇಕಂತ? ಓದು, ಕೇಳೂಣು. ಓದಾಕ ಕಣ್ಣ ಇಲ್ಲ, ಕಿವಿ ಅದಾವ."

ಬೇರೆ ಅಧ್ಯಾಯ ಓದಬಹುದಿತ್ತು. ನಾನು ಒಂಬತ್ತನೆಯದನ್ನೇ ತೆರೆದೆ. ಗೇಟಿನ ಭಾಗಕ್ಕೆ ಅವರು ಸುಲಿಯುವುದನ್ನು ನಿಲ್ಲಿಸಲಿಲ್ಲ. ಬೋಲ್ಟಿನ ಭಾಗದಲ್ಲಿ, "ಹದಿನಾರರ ಪಾನಾ ಅಲ್ಲಿ ಹತ್ತೂದಿಲ್ಲ, ದೊಡ್ಡದು ಬೇಕು" ಎಂದರು. ಯಾವ ಫಿಟ್ಟರಾದರೂ ಹೇಳುವ ಮಾತು. ಉಂಡೆಯ ಸಾಲು ಬಂತು. ಓದಿದೆ. ಅಪ್ಪ ನೀರು ಕೇಳಿದರು. ತಂಬಿಗೆ ತಂದುಕೊಟ್ಟೆ. ಕುಡಿದು, ಬಾಯಿ ಒರೆಸಿಕೊಂಡು, "ಹೂಂ, ಮುಂದ" ಎಂದರು. ಬಾಯಾರಿಕೆಯೇ ಇದ್ದಿರಬಹುದು. ಶೇಂಗಾ ತಿಂದರೆ ಬಾಯಾರುತ್ತದೆ.

ನಿಂಗಪ್ಪ ಹಿತ್ತಲಲ್ಲಿ ಅಳುವಲ್ಲಿಗೆ ಅಧ್ಯಾಯ ಮುಗಿಯಿತು. ಅಪ್ಪ ಸಿಪ್ಪೆಗಳನ್ನು ಮೊರದ ಒಂದು ಮಗ್ಗುಲಿಗೆ ಸರಿಸಿದರು.

"ಎಲ್ಲಾ ಛಲೋ ಐತಿ. ಕಡೀಕ ಖೋಟಾ."

"ಯಾವುದು ಖೋಟಾ?"

"ಅವ ಅಳೂದಿಲ್ಲವಾ. ಅಂಜಿ ತೆಗೆದಾನಂತ ಬರದಿ. ಅಂಜಿದಾಂವ ಬಾಗಿಲ ಹತ್ತರನೂ ಬರೂದಿಲ್ಲ. ಅವಗ ಸಾಕಾಗಿತ್ತು. ದಿನಾ ಅದ ಭಾಷಣ, ಅದ ಬಾವುಟ, ಮನ್ಯಾಗ ಉಪಾಸ. ಗಿರಣಿ ಮತ್ತ ಸುರು ಆಗೂದಿಲ್ಲ ಅಂತ ಎಲ್ಲಾರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಒಮ್ಮಿ ಮುಗೀಲಿ ಅನ್ನಿಸಿರತೈತಿ ಅವಗ. ತೆಗೆದ. ಮನಿಗೆ ಬಂದ. ಅವತ್ತ ಅವಗ ಛಲೋ ನಿದ್ದಿ ಹತ್ತಿರತೈತಿ. ಅದನ್ನ ಬರಿ."

"ನಿದ್ದಿ?"

"ಹೂಂ. ಆ ನಿದ್ದಿ ಸಲುವಾಗಿ ಆಮ್ಯಾಲ ಜನ್ಮಪೂರ್ತಿ ನಾಚಿಕಿ ಪಡ್ತಾನ. ಗೇಟಿನ ಸಲುವಾಗಿ ಅಲ್ಲ."

"ಯಪ್ಪಾ, ನಿನಗ ಹೆಂಗ ಗೊತ್ತು?"

ಅವರು ನನ್ನ ಕಡೆ ಮುಖ ಮಾಡಿದರು. ಪೊರೆ ಬಂದ ಕಣ್ಣುಗಳಲ್ಲಿ ಏನಿದೆಯೆಂದು ಓದಲಾಗುವುದಿಲ್ಲ. "ನೀ ಇಷ್ಟೆಲ್ಲಾ ಬರದಿಯಲ್ಲ, ನಿನಗ ಹೆಂಗ ಗೊತ್ತು?" ಎಂದರು.

ನಾನು ಹಾಳೆಗಳನ್ನು ಮಡಚಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಅವರೇ ನಕ್ಕು, ತಲೆ ಮುಂದೆ ಬಾಗಿಸಿ, "ಬೇಕಾರ ನನ್ನ ತಲಿಗೂ ಹಾಕು ಆ ಟೊಪಿಗಿ. ನಾಳೆ ಕರಕೊಂಡ ಹೋಗು. ಬಸ್ಸಿನ್ಯಾಗ ಕಿಟಕಿ ಮಗ್ಗಲ ಸೀಟ ಮಾತ್ರ ಕೊಡಸು" ಎಂದರು.

ಟೊಪ್ಪಿಗೆಯ ಬಗ್ಗೆ ನಾನು ಅವರಿಗೆ ಹೇಳಿರಲಿಲ್ಲ. ಅತ್ತಿ ಫೋನ್ ಮಾಡಿ ಹೇಳಿರಬಹುದು, ಓಣಿಯವರು ಹೇಳಿರಬಹುದು. ಅವರ ಬಾಗಿದ ತಲೆಯ ಬಿಳಿ ಕೂದಲ ನಡುವೆ ನೆತ್ತಿ ಕಾಣುತ್ತಿತ್ತು. ನಾನು "ಬ್ಯಾಡ ತಗೋ" ಎಂದೆ. ಅವರು ಎಷ್ಟು ಬೇಗ "ಆತು ಬಿಡು" ಎಂದರೆಂದರೆ, ಅದರಲ್ಲೂ ನನಗೆ ಸಂಶಯ ಬಂತು.

ಆಮೇಲಿನದನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ. ನಾನು ಅಳುವನ್ನು ತೆಗೆದು ನಿದ್ದೆಯನ್ನು ಬರೆದೆ. ಅಧ್ಯಾಯ ಬೇರೆಯೇ ಆಯಿತು. ಅಷ್ಟು ಒಳ್ಳೆಯ ತಿದ್ದುಪಡಿಯನ್ನು ನನಗೆ ಮತ್ತಾರೂ ಕೊಟ್ಟಿಲ್ಲ. ಉಂಡೆಯ ಸಾಲನ್ನು ಹೊಡೆದುಹಾಕಿದೆ. ಹಸಿರು ಮುದ್ರೆ ಬೇಡವೆಂದು ಕುಂದರಗಿ ಅವರಿಗೆ ಹೇಳಿದಾಗ ಅವರು, "ಊಟಕ್ಕ ಕರದು ಎಲಿ ಎತ್ತಿದಂಗಾತ್ರಿ" ಎಂದು ಬೇಸರಪಟ್ಟು, ಪುಸ್ತಕವನ್ನು ಹಳದಿ ಹೊದಿಕೆಯಲ್ಲಿ, ಕಡಿಮೆ ಪ್ರತಿಗಳಲ್ಲಿ ತಂದರು. ನಮ್ಮೂರಿನಲ್ಲಿ ಯಾರೂ ನಿಂಗಪ್ಪ ಯಾರೆಂದು ಕೇಳಲಿಲ್ಲ. ಅಪ್ಪ ಬದುಕಿರುವವರೆಗೆ ಮೇ ಒಂದಕ್ಕೆ ಹಾರ ಬಂತು. ಹೆಗಲಿನ ಕಥೆಯನ್ನು ಸಂಘದವರು ಹೇಳಿದರು, ನಾನು ಚಹಾ ಕೊಟ್ಟೆ. ಫಕೀರಪ್ಪನ ಮಕ್ಕಳು ಎಲ್ಲಿದ್ದಾರೆಂದು ವಿಚಾರಿಸಿದೆ. ತಿಳಿಯಲಿಲ್ಲ. ಅವರಲ್ಲಿ ಯಾರಾದರೂ ಇದನ್ನು ಓದಿದರೆ ಎಂಬ ಆಸೆಯಿಂದಲೇ, ಹೊಡೆದುಹಾಕಿದ ಸಾಲನ್ನು ಇಲ್ಲಿ ಮತ್ತೆ ಬರೆದಿದ್ದೇನೆ.

ಗೇಟು ತೆಗೆದವರು ಯಾರೆಂದು ನನಗೆ ಗೊತ್ತಿಲ್ಲ. ಆ ಗ್ರೀಸು ಯಾವ ಪಂಚಮಿಯದೆಂದು ಗೊತ್ತಿಲ್ಲ. ಅಪ್ಪ ಅವತ್ತು ತಲೆ ಬಾಗಿಸಿದ್ದು ತಮಾಷೆಗೋ, ನಿಜವಾಗಿ ಬರಲು ಸಿದ್ಧರಾಗಿಯೋ, ಅದೂ ಗೊತ್ತಿಲ್ಲ. ತಿಳಿದುಕೊಳ್ಳಬಹುದಾಗಿದ್ದಾಗ ನಾನು ಬೇಡ ಎಂದೆ. ಅದು ಅವರ ಮೇಲಿನ ನಂಬಿಕೆಯಿಂದ ಬಂದ ಮಾತೇ, ನಂಬಿಕೆ ಉಳಿಯದಿದ್ದುದರಿಂದ ಬಂದ ಮಾತೇ ಎಂಬುದನ್ನು ಯಾವ ಟೊಪ್ಪಿಗೆ ಹಾಕಿಕೊಂಡು ನೋಡಬೇಕೋ ನನಗೆ ತಿಳಿದಿಲ್ಲ.